ಹೆಲ್ಸಿಂಕಿಗೂ ಸ್ಟಾಕ್‌ಹೋಮಿಗೂ ಅಪ್ ಅಂಡ್ ಡೌನ್

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಒಳ್ಳೆಯ ಅಭ್ಯಾಸ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿದ್ದು ಅಲ್ಪಸ್ವಲ್ಪ. ಅದನ್ನೂ ನನ್ನ ನೌಕರಿ ಕಳೆಯಿತು. ನಾನು ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವನು. ಸರಳು ಹಾಕಿದ ಕಿಟಕಿ, ಎದುರಿಗೊಂದು ಮೈಕು, ಪಕ್ಕದಲ್ಲಿ ಬಸ್ಸುಗಳು ಬಂದುಹೋದ ಸಮಯ ಬರೆಯುವ ಉದ್ದನೆಯ ರಿಜಿಸ್ಟರು. ಕಿಟಕಿಯ ಆಚೆಯಿಂದ ಯಾರಾದರೂ ನ್ಯಾಮತಿ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುವಂತಿಲ್ಲ. ಹತ್ತು ನಿಮಿಷ ಎನ್ನಬೇಕು. ಹತ್ತು ನಿಮಿಷಕ್ಕೆ ಬಸ್ಸು ಬರುವುದಿಲ್ಲ ಎಂಬುದು ನನಗೂ ಗೊತ್ತು, ಕೇಳಿದವರಿಗೂ ಗೊತ್ತು. ಆದರೆ ಹತ್ತು ನಿಮಿಷ ಎಂದು ಗಟ್ಟಿಯಾಗಿ ಹೇಳಿದರೆ ಅವರು ನೆಮ್ಮದಿಯಿಂದ ಹೋಗಿ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ಹೀಗೆ ಮೂವತ್ತೊಂದು ವರ್ಷ ಜನರನ್ನು ಕೂರಿಸಿ ನಿವೃತ್ತನಾದೆ. ಊರಿನಲ್ಲಿ ಈಗಲೂ ನನ್ನನ್ನು ಕಂಟ್ರೋಲರ್ ಸಾಹೇಬ್ರು ಎಂದೇ ಕರೆಯುತ್ತಾರೆ. ಯಾವುದೂ ನನ್ನ ಕಂಟ್ರೋಲಿನಲ್ಲಿ ಇಲ್ಲ ಎಂಬುದು ನನ್ನ ಹೆಂಡತಿ ಗಿರಿಜಳಿಗೆ ಮಾತ್ರ ಗೊತ್ತು.

ವಿಮಾನವನ್ನು ನಾನು ಕೆಳಗಿನಿಂದ ಮಾತ್ರ ನೋಡಿದ್ದೇನೆ. ಹೀಗಿದ್ದೂ ಹೆಲ್ಸಿಂಕಿಯಿಂದ ಸ್ಟಾಕ್‌ಹೋಮಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂಬುದನ್ನು ನಾಲ್ಕು ಜನರ ಎದುರಿಗೆ ತೀರ್ಮಾನ ಮಾಡಿಕೊಟ್ಟವನು ನಾನು. ಒಂದು ಮದುವೆ ಆಗುವುದೂ ಬಿಡುವುದೂ ಆ ತೀರ್ಮಾನದ ಮೇಲೆ ನಿಂತಿತ್ತು.

ನಮ್ಮ ಕಡೆ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಕೇಳುವುದಿಲ್ಲ, ಗಂಟೆಯಲ್ಲಿ ಕೇಳುತ್ತಾರೆ. ಅದರಲ್ಲೂ ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ಭೂಮಿಯ ಮೇಲೆ ಇರುವುದು ಎರಡೇ ಬಗೆಯ ಊರುಗಳು. ಅಪ್ ಅಂಡ್ ಡೌನ್ ಆಗುವ ಊರು ಮತ್ತು ರೂಮು ಮಾಡಬೇಕಾದ ಊರು. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬಂದು ಊಟ ಮಾಡುವಂತಿದ್ದರೆ ಮೊದಲನೆಯದು. ಇಲ್ಲದಿದ್ದರೆ ಎರಡನೆಯದು, ಒಂದು ಚಾಪೆ, ಒಂದು ಸ್ಟವ್ವು, ಗೋಡೆಗೆ ಹೊಡೆದ ಮೊಳೆಯಲ್ಲಿ ಒಂದು ಪ್ಯಾಂಟು. ಹೊನ್ನಾಳಿಗೂ ನ್ಯಾಮತಿಗೂ ಕಣ್ಣು ಮುಚ್ಚಿಕೊಂಡು ಅಪ್ ಅಂಡ್ ಡೌನ್ ಮಾಡಬಹುದು. ಚನ್ನಗಿರಿಯಿಂದ ಜಗಳೂರಿಗೆ ಆಗುವುದಿಲ್ಲ, ರೂಮೇ. ವರ್ಗಾವಣೆಯ ಆದೇಶ ಕೈಗೆ ಬಂದಾಗ ನಮ್ಮವರು ಊರಿನ ಹೆಸರು ಓದುವುದಿಲ್ಲ, ಇದು ಯಾವ ಬಗೆಯ ಊರು ಎಂದು ನೋಡುತ್ತಾರೆ. ಕೆಲವರು ಅಲ್ಲಿಯೇ ಕಣ್ಣೀರು ಹಾಕುತ್ತಾರೆ.

ಗಿರಿಜಳ ತಮ್ಮ ತಿಪ್ಪೇಶ ಹಾಗೆ ಕಣ್ಣೀರು ಹಾಕಿದವನು. ಜಗಳೂರಿನವನು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮಗಳು ವೇಣಿ ಒಂದು ವರ್ಷದ ಕೂಸಾಗಿದ್ದಾಗ ಅವನನ್ನು ಚನ್ನಗಿರಿಗೆ ಹಾಕಿದರು. ಒಂಬತ್ತು ವರ್ಷ ಅಲ್ಲೇ ರೂಮು. ಶನಿವಾರ ಸಂಜೆ ಮನೆಗೆ ಬರುತ್ತಿದ್ದ, ಸೋಮವಾರ ಬೆಳಕು ಹರಿಯುವ ಮುಂಚೆ ಹೊರಡುತ್ತಿದ್ದ. ವೇಣಿಗೆ ಮಾತು ಬಂದ ಹೊಸದರಲ್ಲಿ ಒಂದು ಭಾನುವಾರ ಕೂಸು ಅವನ ಎದುರಿಗೇ ತಾಯಿಯನ್ನು ಕೇಳಿತಂತೆ, ‘ಅಮ್ಮ, ಈ ಮಾಮ ಯಾವಾಗ ಹೋಗ್ತಾನೆ?’ ತಿಪ್ಪೇಶ ಈ ಮಾತನ್ನು ನಗುತ್ತಾ ಹೇಳುತ್ತಾನೆ. ಇಪ್ಪತ್ತೈದು ವರ್ಷಗಳಿಂದ ನಗುತ್ತಲೇ ಹೇಳುತ್ತಿದ್ದಾನೆ. ಒಮ್ಮೆಯೂ ನಾವು ಅವನ ಜೊತೆ ನಕ್ಕಿಲ್ಲ.

ಆ ವೇಣಿ ನರ್ಸಿಂಗ್ ಓದಿ ಈಗ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಒಂದು ಸಂಬಂಧ ಬಂತು. ಹುಡುಗ ಶಶಿಧರ ನ್ಯಾಮತಿಯವನು. ಅವನ ತಂದೆ ಬಸವರಾಜಪ್ಪನವರಿಗೆ ಅಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ. ಹುಡುಗ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ದೊಡ್ಡ ಬಸ್ಸು, ಲಾರಿಗಳ ರಿಪೇರಿ ಕೆಲಸ ಮಾಡುತ್ತಾನೆ. ಬಸ್ಸು ಎಂದ ಕೂಡಲೇ ನನಗೆ ಹುಡುಗ ಒಪ್ಪಿಗೆಯಾದ. ಜಾತಕ, ಕುಲ, ಗುಣ ಎಲ್ಲವೂ ಕೂಡಿಬಂದವು. ಕೂಡಿಬರದೆ ಉಳಿದದ್ದು ಹೆಲ್ಸಿಂಕಿ ಮತ್ತು ಸ್ಟಾಕ್‌ಹೋಮ್. ವೇಣಿ ಸ್ಟಾಕ್‌ಹೋಮಿನಲ್ಲಿ ನರ್ಸ್ ಆಗಬೇಕಾದರೆ ಇನ್ನೊಂದು ಭಾಷೆ ಕಲಿತು ಪರೀಕ್ಷೆ ಬರೆಯಬೇಕಂತೆ. ಎರಡು ವರ್ಷವಾದರೂ ಬೇಕು. ಅಲ್ಲಿಯವರೆಗೆ ಗಂಡ ಒಂದು ಊರು, ಹೆಂಡತಿ ಒಂದು ಊರು.

ತಿಪ್ಪೇಶ ಜಗಳೂರಿನಿಂದ ನನಗೆ ಫೋನ್ ಮಾಡಿದ. ‘ಭಾವ, ನಾನು ಬೇರೇನೂ ಕೇಳೋದಿಲ್ಲ. ಆ ಎರಡು ಊರಿಗೆ ಅಪ್ ಅಂಡ್ ಡೌನ್ ಆಗ್ತೈತೋ ಇಲ್ವೋ, ಅಷ್ಟು ಹೇಳ್ರಿ. ಆಗ್ತೈತೆ ಅಂದ್ರೆ ಮದುವೆ ಮಾಡ್ತೀನಿ. ರೂಮು ಮಾಡಬೇಕು ಅಂದ್ರೆ ಈ ಸಂಬಂಧ ಬ್ಯಾಡ. ನಾನು ಪಟ್ಟಿದ್ದೇ ಸಾಕು, ನನ್ನ ಮಗಳು ಪಡೋದು ಬ್ಯಾಡ’ ಎಂದ. ಮಗಳನ್ನೇ ಕೇಳು ಎಂದೆ. ‘ಅವಳು ಹುಡುಗನ್ನ ಒಪ್ಪಿಬಿಟ್ಟಾಳೆ. ಒಪ್ಪಿದವರು ದೂರ ಕಡಿಮೆ ಹೇಳ್ತಾರೆ’ ಎಂದ. ಸರ್ಕಾರಿ ನೌಕರಿಯಲ್ಲಿ ಇದ್ದವನ ಬುದ್ಧಿ.

ನಾನು ಗೊತ್ತಿಲ್ಲ ಎನ್ನಬೇಕಿತ್ತು. ‘ವಿಮಾನದ ಟೈಮಿಂಗ್ಸ್ ಕಳಿಸಾಕೆ ಹೇಳು, ನೋಡಿ ಹೇಳ್ತೀನಿ’ ಎಂದೆ.

ವೇಣಿ ಕಳುಹಿಸಿದ ವೇಳಾಪಟ್ಟಿಯ ಚಿತ್ರ ಮಾರನೆಯ ದಿನ ಮೊಬೈಲಿಗೆ ಬಂತು. ಕನ್ನಡಕ ಹಾಕಿಕೊಂಡು ಕೂತೆ. ಹೆಲ್ಸಿಂಕಿ ಬಿಡುವುದು ಸಂಜೆ ನಾಲ್ಕು. ಸ್ಟಾಕ್‌ಹೋಮ್ ತಲುಪುವುದು ಸಂಜೆ ನಾಲ್ಕು. ಅಚ್ಚಿನ ತಪ್ಪಿರಬೇಕು ಎಂದು ಕೆಳಗಿನ ಸಾಲು ನೋಡಿದೆ. ಏಳೂ ಹತ್ತಕ್ಕೆ ಬಿಟ್ಟು ಏಳೂ ಹತ್ತಕ್ಕೆ ತಲುಪುತ್ತಿತ್ತು. ಒಂದಂತೂ ಹೊರಡುವುದಕ್ಕೆ ಐದು ನಿಮಿಷ ಮುಂಚೆಯೇ ತಲುಪುತ್ತಿತ್ತು. ನನ್ನ ನೌಕರಿಯಲ್ಲಿ ಇಂಥದ್ದನ್ನು ಒಬ್ಬಿಬ್ಬರು ಡ್ರೈವರುಗಳು ಬಾಯಲ್ಲಿ ಹೇಳಿದ್ದನ್ನು ಕೇಳಿದ್ದೆ, ಬರಹದಲ್ಲಿ ನೋಡಿರಲಿಲ್ಲ. ವಾಪಸು ಬರುವ ವಿಮಾನ ನೋಡಿದೆ. ಸ್ಟಾಕ್‌ಹೋಮ್ ಬಿಡುವುದು ಐದು, ಹೆಲ್ಸಿಂಕಿ ತಲುಪುವುದು ಏಳು. ಹೋಗಲು ಸೊನ್ನೆ, ಬರಲು ಎರಡು ಗಂಟೆ.

ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ನಾನು ಕಾರಣ ಹುಡುಕಿದೆ. ಖಾಲಿ ರಸ್ತೆಯಲ್ಲಿ ಇಳಿಜಾರಿಗೆ ಬಂದ ಬಸ್ಸು ಬೇಗ ಬರುತ್ತದೆ, ಏರಿಗೆ ಹೋಗುವಾಗ ಡ್ರೈವರು ಗೇರು ಬದಲಿಸುತ್ತಾ ತಡಮಾಡುತ್ತಾನೆ. ಆಕಾಶದಲ್ಲಿ ಏರು ಇಳಿಜಾರು ಇರಲಿಕ್ಕಿಲ್ಲ, ಗಾಳಿ ಇದ್ದೇ ಇರುತ್ತದೆ. ಗಾಳಿ ಬೆನ್ನಿಗಿದ್ದರೆ ಸೊನ್ನೆ, ಎದುರಿಗಿದ್ದರೆ ಎರಡು. ಗಿರಿಜಳನ್ನು ಕರೆದು ವಿವರಿಸಿದೆ. ಅವಳು ಬೀನ್ಸ್ ಸೋಸುತ್ತಾ, ‘ನಾಲ್ಕು ಗಂಟೆಗೆ ಹೊಂಟು ನಾಲ್ಕು ಗಂಟೆಗೇ ಮುಟ್ಟಿದ್ರೆ ಹೊಂಟಂಗೆ ಹೆಂಗಾತು?’ ಎಂದಳು. ಹೆಂಗಸರಿಗೆ ಸಾರಿಗೆಯ ವಿಷಯ ಹೇಳುವುದು ಕಷ್ಟ ಎಂದುಕೊಂಡೆ.

ಇಲ್ಲಿ ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತೇನೆ. ಆ ದೇಶದ ಗಂಟೆ ಬೇರೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ವೇಣಿಗೆ ಫೋನ್ ಮಾಡುವ ಮುಂಚೆ ನಮ್ಮ ಗಡಿಯಾರದಲ್ಲಿ ಮೂರೂವರೆ ಗಂಟೆ ಕಳೆಯಬೇಕು ಎಂಬುದು ನೆಂಟರಿಗೆಲ್ಲ ಬಾಯಿಪಾಠ. ಕಳೆದಾಗ ಬರುವುದು ಯುರೋಪಿನ ಗಂಟೆ ಎಂದು ನಾನು ತಿಳಿದಿದ್ದೆ. ನಮ್ಮಲ್ಲಿ ಗುಜರಾತಿಗೂ ಅಸ್ಸಾಮಿಗೂ ಒಂದೇ ಗಂಟೆ. ಮಧ್ಯೆ ಎಷ್ಟು ದಿನದ ರೈಲು ಪ್ರಯಾಣ ಇದ್ದರೂ ಯಾರೂ ಕೈಗಡಿಯಾರ ಮುಟ್ಟುವುದಿಲ್ಲ. ಹೆಲ್ಸಿಂಕಿಗೂ ಸ್ಟಾಕ್‌ಹೋಮಿಗೂ ಇರುವುದು ಸುಮಾರು ನಾನೂರು ಕಿಲೋಮೀಟರು. ಅಷ್ಟು ದೂರದೊಳಗೆ ಗಡಿಯಾರ ತಿರುಗಿಸುವ ಜನ ಇರುತ್ತಾರೆ ಎಂದು ಹೊನ್ನಾಳಿಯಲ್ಲಿ ಕೂತವನಿಗೆ ಹೊಳೆಯುವುದಾದರೂ ಹೇಗೆ?

ಮಾತುಕತೆ ನ್ಯಾಮತಿಯಲ್ಲಿ ಬಸವರಾಜಪ್ಪನವರ ಮನೆಯಲ್ಲಿ ಆಯಿತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದವು. ಅವು ಮುಗಿಯುವವರೆಗೆ ಯಾರೂ ಮದುವೆಯ ಮಾತೆತ್ತಲಿಲ್ಲ. ಕೊನೆಗೆ ತಿಪ್ಪೇಶ ನನ್ನ ಕಡೆ ನೋಡಿದ. ನಾನು ಗಂಟಲು ಸರಿಮಾಡಿಕೊಂಡು, ಮೈಕಿನ ಮುಂದೆ ಕೂತವನ ಧ್ವನಿಯಲ್ಲಿ, ಹೆಲ್ಸಿಂಕಿಯಿಂದ ಸ್ಟಾಕ್‌ಹೋಮಿಗೆ ಹೋಗಲು ಸಮಯ ಹಿಡಿಯುವುದಿಲ್ಲ, ಬರಲು ಎರಡು ಗಂಟೆ ಎಂದು ಪ್ರಕಟಿಸಿದೆ. ಪ್ರಯಾಣಿಕರ ಗಮನಕ್ಕೆ ಎಂದು ಮಾತ್ರ ಹೇಳಲಿಲ್ಲ.

ಬಸವರಾಜಪ್ಪನವರು ವ್ಯಾಪಾರಸ್ಥರು, ಸಾವಧಾನದ ಮನುಷ್ಯ. ‘ಮಧ್ಯೆ ಏನೈತೆ ಸಾಹೇಬ್ರೆ?’ ಎಂದರು. ಸಮುದ್ರ ಎಂದೆ. ‘ಸೂಳೆಕೆರೆಯಷ್ಟು ಇರಬಹುದಾ?’ ಎಂದರು. ಅದಕ್ಕಿಂತ ಸ್ವಲ್ಪ ದೊಡ್ಡದು ಎಂದೆ. ಹಡಗೂ ಹೋಗುತ್ತದೆ, ಸಂಜೆ ಹತ್ತಿದರೆ ಬೆಳಗ್ಗೆ ಇಳಿಸುತ್ತದೆ, ನಮ್ಮ ಸ್ಲೀಪರ್ ಬಸ್ಸಿನಂತೆ ಎಂದು ಮನೆಯಲ್ಲಿ ನನ್ನ ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದ್ದನ್ನೂ ಸೇರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಯಾರು ಹೋದ್ರೂ ಹೋಗಿಬರಾಕೆ ಒಟ್ಟು ಎರಡು ಗಂಟೆ ಆತು. ಹಂಗಾದ್ರೆ ಹೋಗಾಕೆ ಒಂದು, ಬರಾಕೆ ಒಂದು ಅಂತ ಇಟ್ಕೊಳ್ರಿ’ ಎಂದರು. ಪೈಪು ಮಾರುವವರು ಸತ್ಯದ ಅಷ್ಟು ಹತ್ತಿರ ಬಂದಿದ್ದರು. ನಾನು ತಿಳಿದವನ ನಗೆ ನಕ್ಕು, ‘ವಿಮಾನದಾಗೆ ಹಂಗೆ ಸರಾಸರಿ ಹಿಡಿಯಾಕೆ ಬರಲ್ಲ’ ಎಂದೆ.

ಅಷ್ಟರಲ್ಲಿ ಇನ್ನೊಂದು ಅವಕಾಶವೂ ಬಂದುಹೋಯಿತು. ಮಕ್ಕಳಿಗೆ ಈಗಲೇ ಫೋನ್ ಮಾಡೋಣ, ಅಲ್ಲಿ ಗಂಟೆ ಎಷ್ಟು ಎಂಬ ಮಾತು ಬಂತು. ತಿಪ್ಪೇಶ, ‘ಮೂರೂವರೆ ಕಳೀರಿ’ ಎಂದ. ಬಸವರಾಜಪ್ಪನವರು, ‘ನಮ್ಮ ಹುಡುಗ ನಾಲ್ಕೂವರೆ ಕಳೀರಿ ಅಂತಾನೆ’ ಎಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬೀಗರಾಗುವವರು ಕಳೆಯುವ ಲೆಕ್ಕದಲ್ಲಿ ಹಿಂದೆ ಎಂದು ಇಬ್ಬರಿಗೂ ಅನ್ನಿಸಿರಬೇಕು. ಒಳ್ಳೆಯ ಕೆಲಸಕ್ಕೆ ಬಂದ ಮನೆಯಲ್ಲಿ ಅದನ್ನು ಎತ್ತಿ ಆಡುವುದು ಬೇಡ ಎಂದು ಇಬ್ಬರೂ ಬಿಟ್ಟರು. ನಾನೂ ಬಿಟ್ಟೆ. ಮರ್ಯಾದಸ್ಥರು ಕೂತ ಕಡೆ ನಿಜ ಹೊರಗೆ ಬರುವುದು ನಿಧಾನ.

ನಮ್ಮಲ್ಲಿ ಮದುವೆಯ ಮಾತು ಮುಗಿದ ಮೇಲೆ ಯಾರು ಏನು ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕುವ ಪದ್ಧತಿ. ಛತ್ರ ಹೆಣ್ಣಿನ ಕಡೆ, ಓಲಗ ಗಂಡಿನ ಕಡೆ, ಇತ್ಯಾದಿ. ಅಂದಿನ ಹಾಳೆಯಲ್ಲಿ ನನ್ನ ಕೈಬರಹದಲ್ಲಿ ಐದನೆಯ ಕಲಮು ಹೀಗಿತ್ತು: ‘ಎರಡು ವರ್ಷದವರೆಗೆ ಕನ್ಯೆಯು ಕೆಲಸ ಮುಗಿಸಿ ನಾಲ್ಕು ಗಂಟೆಯ ವಿಮಾನದಲ್ಲಿ ಗಂಡನ ಮನೆಗೆ ಬಂದು, ಬೆಳಗಿನ ವಿಮಾನದಲ್ಲಿ ಕೆಲಸಕ್ಕೆ ಹೋಗತಕ್ಕದ್ದು.’ ದಿನವೂ ಎಂಬ ಪದವನ್ನು ಬಸವರಾಜಪ್ಪನವರು ಸೇರಿಸಿದರು. ತಿಂಗಳ ಪಾಸು ಮಾಡಿಸುವುದು ಗಂಡಿನ ಕಡೆಗೆ ಸೇರಿತು. ತಿಪ್ಪೇಶ ಸಹಿ ಹಾಕುವಾಗ ಅವನ ಮುಖ ನೋಡಿದೆ. ಚನ್ನಗಿರಿಯ ಒಂಬತ್ತು ವರ್ಷ ಅಂದು ಅವನ ಹೆಗಲಿನಿಂದ ಇಳಿದಂತಿತ್ತು. ನನಗೆ ಸಂತೋಷವಾಯಿತು. ಬಸ್ಸಿನಲ್ಲಿ ಬರುವಾಗ ಹೊನ್ನಾಳಿಯವರೆಗೂ ನನ್ನ ಬಗ್ಗೆಯೇ ಯೋಚಿಸುತ್ತಾ ಬಂದೆ.

ನಾಲ್ಕು ದಿನ ಕಳೆದು ವೇಣಿಯ ಫೋನು ಬಂತು. ಚಿಕ್ಕಂದಿನಿಂದ ಮೆತ್ತಗೆ ಮಾತಾಡುವ ಹುಡುಗಿ. ‘ಮಾವ, ನಾನು ದಿನಾ ವಿಮಾನದಾಗೆ ಅಪ್ ಅಂಡ್ ಡೌನ್ ಮಾಡ್ತೀನಿ ಅಂತ ಬರೆದು ಕೊಟ್ಟೀರಂತೆ.’ ಹೌದಮ್ಮ, ನಾಲ್ಕಕ್ಕೆ ಹೊರಟರೆ ನಾಲ್ಕಕ್ಕೆ ತಲುಪುತ್ತೀಯಲ್ಲ ಎಂದೆ. ‘ಮಾವ, ಸ್ಟಾಕ್‌ಹೋಮಿನ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಹಿಂದೆ ಐತೆ. ವಿಮಾನದಾಗೆ ಒಂದು ಗಂಟೆ ಕೂತಿರ್ತೀವಿ. ಇಳಿದು ಅಲ್ಲಿನ ಗಡಿಯಾರ ನೋಡಿದ್ರೆ ಮತ್ತೆ ನಾಲ್ಕೇ ಆಗಿರ್ತೈತೆ. ವಾಪಸ್ ಬರುವಾಗ ಅದು ಎರಡಾಗಿ ಕಾಣ್ತೈತೆ’ ಎಂದಳು. ಒಂದು ಗಂಟೆ ಎಂದರೂ ಹೆಚ್ಚೇನಲ್ಲ, ದಾವಣಗೆರೆಗೆ ಹೋದಷ್ಟು ಎಂದೆ. ‘ಮನೆಯಿಂದ ಮನೆಗೆ ಅರ್ಧ ದಿನ ಹೋಗ್ತೈತೆ ಮಾವ. ದಿನಾ ಆಗಲ್ಲ. ಹದಿನೈದು ದಿನಕ್ಕೊಂದ್ಸಲ ಆದ್ರೆ ಹೆಚ್ಚು’ ಎಂದಳು. ಆಮೇಲೆ ಅವಳ ಧ್ವನಿ ಇನ್ನೂ ಮೆತ್ತಗಾಯಿತು. ‘ಅಪ್ಪಂಗೆ ನೀವೇ ಹೇಳ್ರಿ. ಮದುವೆ ಆದ ಮೇಲೆ ಗೊತ್ತಾದ್ರೆ ಮೋಸ ಆತು ಅಂತ ಕೊರಗ್ತಾರೆ. ಹೇಳಿದ್ರೆ ಸಂಬಂಧ ಬ್ಯಾಡ ಅಂದ್ರೂ ಅಂದಾರು. ನಂಗೆ ಈ ಹುಡುಗ ಬೇಕು ಮಾವ.’

ಫೋನಿನಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಅಂದರೆ, ಎದುರಿಗೆ ಹೇಳಲು ಧೈರ್ಯ ಇತ್ತು ಎಂದಲ್ಲ. ಜಗಳೂರಿಗೆ ಹೋಗಿ ತಲುಪುವಷ್ಟರಲ್ಲಿ ಏನಾದರೂ ಹೊಳೆಯಬಹುದು ಎಂಬ ಆಸೆ. ಬೆಳಗ್ಗೆ ಹೊನ್ನಾಳಿ ಬಿಟ್ಟೆ. ದಾವಣಗೆರೆಯಲ್ಲಿ ಇಳಿದು ಜಗಳೂರು ಬಸ್ಸು ಯಾವಾಗ ಎಂದು ಕಿಟಕಿಯಲ್ಲಿ ಕೇಳಿದೆ. ಒಳಗಿದ್ದವನು ಹತ್ತು ನಿಮಿಷ ಎಂದ. ಹೋಗಿ ಕಲ್ಲುಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತೆ. ಏನೂ ಹೊಳೆಯಲಿಲ್ಲ.

ತಿಪ್ಪೇಶ ಮನೆಯ ಮುಂದೆ ಮೊರದಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದ. ನಾನು ಚಪ್ಪಲಿ ಬಿಡುವ ಮುಂಚೆಯೇ, ‘ತಿಪ್ಪೇಶ, ಐದನೇ ಕಲಮಿನಾಗೆ ಒಂದು ತಪ್ಪಾಗೈತೆ’ ಎಂದೆ.

‘ಗೊತ್ತೈತೆ ಬಿಡ್ರಿ ಭಾವ’ ಎಂದ. ನನ್ನ ಮೇಲೆ ಪೂರ್ತಿ ನಂಬಿಕೆ ಇಡುವುದು ಅವನ ಸ್ವಭಾವದಲ್ಲೇ ಇರಲಿಲ್ಲವಂತೆ. ಸಹಿ ಹಾಕಿ ಬಂದ ಮಾರನೆಯ ದಿನವೇ ಹುಡುಗನಿಗೆ ನೇರವಾಗಿ ಫೋನ್ ಮಾಡಿದ್ದಾನೆ. ನಿನ್ನ ಮನೆಯಿಂದ ನನ್ನ ಮಗಳ ಮನೆಗೆ ಎಷ್ಟು ಹೊತ್ತಪ್ಪ ಎಂದು ಕೇಳಿದ್ದಾನೆ. ಹುಡುಗ ಹೇಳಿದ್ದನ್ನು ತಿಪ್ಪೇಶ ಶೇಂಗಾ ಬೀಜಗಳನ್ನು ಒಂದೊಂದೇ ಮೊರದ ಅಂಚಿಗೆ ಸರಿಸುತ್ತಾ ಹೇಳಿದ. ‘ಮನೆಯಿಂದ ಸ್ಟೇಷನ್ನಿಗೆ ನಡ್ಕೊಂಡು ಎಂಟು ನಿಮಿಷ. ರೈಲಿನಾಗೆ ನಲವತ್ತು. ವಿಮಾನ ನಿಲ್ದಾಣದಾಗೆ ಕಾಯೋದು ಒಂದೂವರೆ ಗಂಟೆ. ಮೇಲೆ ಒಂದು ಗಂಟೆ. ಇಳಿದು ಹೊರಗೆ ಬರಾಕೆ ಇಪ್ಪತ್ತು ನಿಮಿಷ. ಅಲ್ಲಿ ಮತ್ತೆ ರೈಲು ಅರ್ಧ ಗಂಟೆ. ರೈಲಿಳಿದು ವೇಣಿ ಮನೆ ಬಾಗಿಲಿಗೆ ಹನ್ನೆರಡು ನಿಮಿಷ, ಹಿಮ ಬಿದ್ದಿದ್ರೆ ಹದಿನೆಂಟು. ಒಟ್ಟು ನಾಲ್ಕು ಗಂಟೆ ಇಪ್ಪತ್ತು ನಿಮಿಷ.’

‘ಹಂಗಾದ್ರೆ ರೂಮೇ ಆತು’ ಎಂದೆ ಸಣ್ಣ ಧ್ವನಿಯಲ್ಲಿ. ‘ಸಂಬಂಧ ಬಿಡ್ತೀಯಾ?’

‘ಯಾಕೆ ಬಿಡ್ಲಿ? ಹಿಮ ಬಿದ್ದಿದ್ರೆ ಹದಿನೆಂಟು ಅಂದ ಭಾವ. ಅದು ಮೊಬೈಲ್ ನೋಡಿ ಹೇಳೋ ಮಾತಲ್ಲ. ಹಿಮದಾಗೆ ನಡ್ಕೊಂಡು ಹೋಗ್ಯಾನೆ. ನಮಗೆ ಹೇಳಿಲ್ಲ, ಅಷ್ಟೇ. ಒಂದು ದಿನ ಸಿಟ್ಟು ಬಂತು, ಮಾರನೇ ದಿನ ಹೋತು. ನಾನು ಚನ್ನಗಿರಿಯಿಂದ ಬರುವಾಗ ಯಾವ ತಿರುವಿನಾಗೆ ಬಸ್ಸು ಎಷ್ಟು ಹೊತ್ತು ನಿಲ್ತಿತ್ತು ಅಂತ ಈಗಲೂ ಹೇಳ್ತೀನಿ. ಬರಬೇಕು ಅನ್ನೋನಿಗೆ ಅದೆಲ್ಲ ಗೊತ್ತಿರ್ತೈತೆ. ದಿನಾ ಬರಾಕೆ ಆಗದಿದ್ರೂ ಈ ಹುಡುಗ ಬರ್ತಾನೆ. ಅಕ್ಕನೂ ಹಿಂಗೇ ಹೇಳ್ತಿದ್ಲು, ಹೊನ್ನಾಳಿಯಿಂದ ಇಲ್ಲಿಗೆ ಮೂರು ಗಂಟೆ ಇಪ್ಪತ್ತು ನಿಮಿಷ, ದಾವಣಗೆರೆಯಾಗೆ ಕಾಯೋ ಮೂವತ್ತೈದು ನಿಮಿಷ ಸೇರಿ ಅಂತ. ಅವ್ವ ಹಾಸಿಗೆ ಹಿಡಿದಿದ್ದ ವರ್ಷ.’

‘ನಿಮ್ಮಕ್ಕ ಬರ್ತಿದ್ದದ್ದು ದೀಪಾವಳಿಗೆ, ಯುಗಾದಿಗೆ. ಅದೂ ನನ್ನ ಜೊತೆಗೆ’ ಎಂದೆ. ತಿಪ್ಪೇಶ ನನ್ನನ್ನು ನೋಡಿದ, ಮೊರವನ್ನು ನೋಡಿದ. ‘ಕಾಫಿ ಕುಡೀರಿ ಭಾವ’ ಎಂದು ಎದ್ದು ಒಳಗೆ ಹೋದ.

ಸಂಜೆ ಮನೆಗೆ ಬಂದೆ. ಗಿರಿಜ ದೇವರ ಮುಂದೆ ದೀಪ ಹಚ್ಚಿ ಬಂದು ಕೂತಿದ್ದಳು. ಮದುವೆಗೆ ತೊಂದರೆಯಿಲ್ಲ ಎಂದು ಮೊದಲು ಹೇಳಿದೆ. ಆಮೇಲೆ ಅತ್ತೆ ಹಾಸಿಗೆ ಹಿಡಿದಿದ್ದ ವರ್ಷದ ವಿಷಯ ಕೇಳಿದೆ. ಅವಳು ಮುಚ್ಚಿಡಲೂ ಇಲ್ಲ, ಕಣ್ಣೊರೆಸಿಕೊಳ್ಳಲೂ ಇಲ್ಲ. ‘ಬುಧವಾರ ಬುಧವಾರ ಹೋಗ್ತಿದ್ದೆ. ಅವತ್ತು ನಿಮಗೆ ಎರಡೂ ಪಾಳಿ ಡ್ಯೂಟಿ ಇರ್ತಿತ್ತು. ಅವ್ವಂಗೆ ನೀರು ಹಾಕಿ, ತಲೆ ಬಾಚಿ, ನೀವು ಬರೋದರೊಳಗೆ ಬಂದು ಅಡಿಗೆ ಮಾಡ್ತಿದ್ದೆ. ನಿಮ್ಮನ್ನ ಒಂದ್ಸಲ ಕೇಳಿದ್ದೆ. ದೂರ ಆಗ್ತೈತೆ, ಹಬ್ಬಕ್ಕೆ ಹೋದ್ರಾತು ಅಂದ್ರಿ’ ಎಂದಳು.

ನನಗೆ ನಾಚಿಕೆಯಾಯಿತು. ಒಳ್ಳೆಯ ಗಂಡ ಇಂಥ ಹೊತ್ತಿನಲ್ಲಿ ಏನು ಹೇಳುತ್ತಾನೋ ನನಗೆ ತಿಳಿಯದು. ನಾನು ಕೇಳಿದ್ದು ಇಷ್ಟು: ‘ನಮ್ಮ ಸ್ಟ್ಯಾಂಡಿನಾಗೇ ಬಸ್ಸು ಹತ್ತಿರ್ತೀಯಲ್ಲ, ನನಗೆ ಹೆಂಗೆ ಕಾಣಲಿಲ್ಲ?’

‘ಯಾಕೆ ಕಾಣಲ್ಲ? ಮೊದಲನೇ ಬುಧವಾರ ನಿಮ್ಮ ಕಿಟಕಿಗೇ ಬಂದಿದ್ದೆ. ಹೇಳೇ ಹೋಗೋಣ ಅಂತ. ಜಗಳೂರಿಗೆ ಹೋಗಾಕೆ ಯಾವ ಬಸ್ಸು ಅಂತ ಕೇಳಿದೆ. ನೀವು ರಿಜಿಸ್ಟರ್ ಬರೀತಾ ತಲೆ ಎತ್ತದಂಗೆ, ಬೋರ್ಡ್ ನೋಡಮ್ಮ ಅಂದ್ರಿ.’

‘ಆಮೇಲೆ?’

‘ಬೋರ್ಡ್ ನೋಡಿದೆ.’

ಬೋರ್ಡಿನಲ್ಲಿ ಬರೆದಿದ್ದ ಸಮಯ ಸರಿಯಾಗಿತ್ತಂತೆ, ದಾವಣಗೆರೆ ಬಸ್ಸು ಆ ಹೊತ್ತಿಗೇ ಬಂತಂತೆ. ಅದನ್ನು ಅವಳು ನನ್ನ ಸಮಾಧಾನಕ್ಕೆಂದು ಎರಡು ಸಲ ಹೇಳಿದಳು.